ಗುಂಡಿ

ವಕೀಲೆ ಕೇಳಿದಳು: ತಲೆನೋವು ಶುರುವಾದದ್ದು ಯಾವಾಗ?
ಬಿತೊಮಿನಲ್ಲಿ ನವೆಂಬರ್ ಎಂದರೇ ತಲೆನೋವು, ಅಂದೆ.
ಅವಳು ನಗಲಿಲ್ಲ. ಪೆನ್ನಿನ ತುದಿ ಕಾಗದದ ಮೇಲೆ ಕಾಯುತ್ತಿತ್ತು.

ಹೊಸ ಕಿಟಕಿ ಹಾಕಿಸಿದ ಮೇಲೆ, ಅಂದೆ ಆಮೇಲೆ.
ಬಿಳಿ ಪ್ಲಾಸ್ಟಿಕ್ಕಿನವು. ಟ್ರಾಮಿನ ಸದ್ದು ನಿಂತಿತು,
ಚಳಿ ನಿಂತಿತು, ಪರದೆ ಅಲುಗುವುದೂ ನಿಂತಿತು.
ಮ್ಯಾನೇಜರಿಗೆ ಕೇಕು ಕೊಟ್ಟು ಬಂದೆವು.

ರಾತ್ರಿ ಮೂರಕ್ಕೆ ನಾನು ಬೇಕರಿಗೆ ಹೊರಡುವಾಗ
ತಲೆಯೊಳಗೆ ಯಾರೋ ಹಿಟ್ಟು ನಾದುತ್ತಿದ್ದರು.
ಎರಡನೇ ಸರದಿಯ ಬನ್ನು ಒಲೆಯಿಂದ ಇಳಿಸುವ ಹೊತ್ತಿಗೆ
ನೋವು ಎತ್ತ ಹೋಯಿತೋ ಗೊತ್ತೇ ಆಗುತ್ತಿರಲಿಲ್ಲ.
ಮನೆಗೆ ಬಂದು ಕೋಟು ಬಿಚ್ಚಿದರೆ ಮತ್ತೆ ಹಾಜರು,
ಹೇಳದೆ ಉಳಿದುಕೊಂಡ ನೆಂಟನ ಹಾಗೆ.

ಎರ್ವಿನ್ ದಿನವಿಡೀ ಮನೆಯಲ್ಲೇ, ನಿವೃತ್ತಿಯಾದವನು.
ಭಾನುವಾರ ಅವನಿಗೆ ವಾಂತಿ. ಬೆಕ್ಕಿಗೂ.
ಬೆಕ್ಕಿಗೂ ನಮ್ಮ ಜ್ವರ ಬರುತ್ತದೆಯೇ ಎಂದು ಕೇಳಲು
ಯಾಕೆ ತೋಚಲಿಲ್ಲ, ವಕೀಲಮ್ಮಾ?
ವೈದ್ಯರು ಫ್ಲೂ ಎಂದು ಬರೆದರು, ಬೆಚ್ಚಗಿರಿ ಎಂದರು.
ಬೆಚ್ಚಗಿದ್ದೆವು.

ಬಚ್ಚಲ ಗೋಡೆಯ ಗ್ಯಾಸ್ ಗೀಸರಿನಲ್ಲಿ ಉರಿ
ನೀಲಿ ಇದ್ದದ್ದು ಹಳದಿಯಾಗಿತ್ತು, ದೀಪದ ಕುಡಿಯಂತೆ.
ಚೆಂದ ಕಂಡಿತ್ತು ನನಗೆ. ಅದನ್ನೂ ಬರೆದುಕೊಳ್ಳಿ.

ಮೂವತ್ತೆರಡು ವರ್ಷ ಕಲ್ಲಿದ್ದಲ ಗುಂಡಿಗಿಳಿದು ಹತ್ತಿದವನು,
ಸೊಂಟಕ್ಕೆ ಮೀಟರು ಕಟ್ಟಿ, ಗಾಳಿಯನ್ನು ನಂಬದೆ.
ಎಂಟುನೂರು ಮೀಟರು ಆಳದಲ್ಲಿ ಮುಟ್ಟದೆ ಬಿಟ್ಟದ್ದು
ಮೂರನೇ ಮಹಡಿಯ ಬಚ್ಚಲಿಗೆ, ಸೋಪಿನ ನೊರೆಯ ನಡುವೆ,
ವಾಸನೆಯಿಲ್ಲದೆ ಬಣ್ಣವಿಲ್ಲದೆ ಬಂತು.

ಗುರುವಾರ ನಾನು ಬಂದಾಗ ನೀರು ಹರಿಯುತ್ತಲೇ ಇತ್ತು.
ಬಾಗಿಲಿಗೆ ಭುಜ ಕೊಟ್ಟೆ.

ಆಂಬ್ಯುಲೆನ್ಸಿನ ಹುಡುಗ ಹೊಸ್ತಿಲು ದಾಟಿದ್ದೇ
ಅವನ ಚೀಲದ ಮೇಲಿನ ಪೆಟ್ಟಿಗೆ ಕಿರುಚಿಕೊಂಡಿತು.
ಹೊರಗೆ! ಎಲ್ಲರೂ ಹೊರಗೆ! ಆಮೇಲೆ ಮಾತು.
ಕಾರ್ಬನ್ ಮೋನಾಕ್ಸೈಡ್ ಎಂಬ ಉದ್ದ ಹೆಸರನ್ನು
ಮೆಟ್ಟಿಲ ಮೇಲೆ ಕೂರಿಸಿ, ಎರಡು ಸಲ ಹೇಳಿದ.
ಎರ್ವಿನ್‌ನ ಬೆರಳಿಗೆ ಸಿಕ್ಕಿಸಿದ ಯಂತ್ರ ಮಾತ್ರ
ತೊಂಬತ್ತೆಂಟು, ಎಲ್ಲ ಸರಿ, ಎನ್ನುತ್ತಿತ್ತು. ಸುಳ್ಳುಸಾಕ್ಷಿ.
ರಕ್ತ ತೆಗೆದಾಗ ಹೊರಬಿತ್ತು: ನೂರಕ್ಕೆ ಮೂವತ್ತೊಂದು ವಿಷ.

ಆ ಚೀಟಿ ಇದೆಯೇ? ಇದೆ.
ರಕ್ತ ತೆಗೆದ ಗಂಟೆ ಬರೆದಿದೆಯೇ? ಬರೆದಿದೆ.
ಗೀಸರು?
ಮ್ಯಾನೇಜರು ಮರುದಿನವೇ ಆಳು ಕಳಿಸಿದ್ದ,
ಪುಕ್ಕಟೆ ಹೊಸದು ಹಾಕಿಕೊಡುತ್ತೇವೆ, ಹಳೆಯದು ಗುಜರಿಗೆ, ಎಂದು.
ನನ್ನ ತಂಗಿ ಲುಚ್ಯಾ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿ
ಎರಡು ದಿನ ಕೂತಳು, ಕಾಲುಚೀಲ ಹೆಣೆಯುತ್ತ.
ವಕೀಲೆ ಮೊದಲ ಸಲ ನಕ್ಕಳು.

ನಾಲ್ಕು ಸಾವಿರ ಜ್ವೋತಿ ಕೊಡುತ್ತಾರಂತೆ,
ಇನ್ನೇನೂ ಕೇಳುವುದಿಲ್ಲ ಎಂದು ರುಜು ಹಾಕಿದರೆ.
ಹಾಕಬೇಡಿ, ಅಂದಳು. ಕಾನೂನಿಗೂ ಒಂದು ಕ್ಯಾಲೆಂಡರಿದೆ,
ಅದರ ಹಾಳೆ ಮುಗಿಯುವ ಮುಂಚೆ ಬಂದಿರಿ.
ಗೆಲ್ಲುತ್ತೇವೆಯೇ?
ಕೇಳುತ್ತೇವೆ, ಅಂದಳು.

ಏನೇನು ನಷ್ಟ, ಹೇಳಿ.
ಎರ್ವಿನ್ ಬದುಕಿದ್ದಾನೆ. ಸಕ್ಕರೆ ಡಬ್ಬಿಯ ಮುಂದೆ ನಿಂತು
ಇದಕ್ಕೇನನ್ನುತ್ತಾರೆ ಎಂದು ನನ್ನ ಮುಖ ನೋಡುತ್ತಾನೆ.
ಅವಳ ಕಾಲಮ್ಮಿನಲ್ಲಿ ಜಾಗ ಸಾಲಲಿಲ್ಲ. ಪುಟ ಮಗುಚಿದಳು.

ಕೊನೆಗೆ ಕಡತದಿಂದ ಒಂದು ಹಾಳೆ ಎಳೆದಳು:
ಅಕ್ಟೋಬರ್ ಹನ್ನೆರಡು. ಚಿಮಣಿ ಪರೀಕ್ಷಿಸಲಾಗಿದೆ. ಹೊಗೆದಾರಿ ಸಲೀಸು.
ಬಂದಿದ್ದನೇ ಈತ?

ನಮ್ಮಲ್ಲಿ ಚಿಮಣಿ ಗುಡಿಸುವವನು ಕಣ್ಣಿಗೆ ಬಿದ್ದರೆ ಅದೃಷ್ಟ.
ಬಿದ್ದ ಕೂಡಲೇ ಕೋಟಿನ ಗುಂಡಿ ಹಿಡಿಯಬೇಕು.
ಆರನೇ ವಯಸ್ಸಿನಿಂದ ನಾನು ತಪ್ಪಿಸಿದವಳಲ್ಲ.
ಆ ಅಕ್ಟೋಬರಿನಲ್ಲಿ ಒಮ್ಮೆಯೂ ಹಿಡಿದ ನೆನಪಿಲ್ಲ.
ಇದು ಸಾಕ್ಷಿಯಾಗುತ್ತದೆಯೇ, ವಕೀಲಮ್ಮಾ?

ವಿಚಾರಣೆಯ ದಿನ ಅವನು ಕೋರ್ಟಿನ ಮೆಟ್ಟಿಲಲ್ಲಿ ನಿಂತಿದ್ದ,
ಹಬ್ಬಕ್ಕೆ ತೊಡುವ ಕರಿ ಸಮವಸ್ತ್ರ, ಹಿತ್ತಾಳೆಯ ಎರಡು ಸಾಲು,
ಉಗುರಿನಲ್ಲಿ ಮಸಿ ಇಲ್ಲ.
ನಾನು ಕೈಯನ್ನು ಜೇಬಿನೊಳಗೆ ಮುಷ್ಟಿ ಮಾಡಿಟ್ಟೆ.
ಪಕ್ಕದಲ್ಲಿ ಎರ್ವಿನ್, ಸಕ್ಕರೆಯ ಹೆಸರು ಮರೆತವನು,
ತಡಕಾಡಿ ತಡಕಾಡಿ ತನ್ನ ಕೋಟಿನ ಗುಂಡಿ ಹುಡುಕಿ
ಎರಡು ಬೆರಳಲ್ಲಿ ಹಿಡಿದುಕೊಂಡ.