ಜೂನ್ ಒಂದು

ನಮ್ಮ ಓಣಿಯಲ್ಲಿ ಎಲ್ಲರೂ ಹುಟ್ಟಿದ್ದು ಜೂನ್ ಒಂದಕ್ಕೆ.
ನನ್ನಿಸಾಬಣ್ಣ, ಅವನ ತಮ್ಮ, ಎದುರುಮನೆ ಹುಸೇನಬ್ಬಿ.
ಬಲಗೈ ತಲೆಯ ಮೇಲೆ ಬಳಸಿ ಎಡಗಿವಿ ಸಿಕ್ಕರೆ
ಆರು ತುಂಬಿತು, ಬರೆದುಕೋ.
ಅವಳಿಗಳಲ್ಲಿ ಒಬ್ಬನಿಗೆ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ.
ಇಂದಿಗೂ ದಾಖಲೆಯಲ್ಲಿ
ಅವನು ಅಣ್ಣ, ಇವನು ತಮ್ಮ, ನಡುವೆ ಒಂದು ವರ್ಷ.

ಅವ್ವನ ಪಿಂಚಣಿಗೆ ಹುಟ್ಟಿದ ತಾರೀಖು ಬೇಕೆಂದರು.
"ಭಟ್ಟಿಯ ತಗಡು ಹಾರಿತಲ್ಲ, ಆ ಗಾಳಿಯ ವರ್ಷ" ಅಂದಳು.
ಕಂಪ್ಯೂಟರಿಗೆ ಆ ಗಾಳಿ ಗೊತ್ತಿರಲಿಲ್ಲ.
ಆಟೋ ಹಿಡಿದು ಶಾಲೆಗೆ ಹೋದೆವು.

ಶಾಲೆಯೆಂದರೆ ಮೊದಲು ಹೊಟ್ಟಿನ ಶೆಡ್ಡು.
ನಸುಕಿಗೆ ಮಂಡಕ್ಕಿ ಹುರಿದು ಮುಗಿದ ಮೇಲೆ
ಮಧ್ಯಾಹ್ನಕ್ಕೆ ಕನ್ನಡ.
ಓಬಳೇಶಪ್ಪ ಮೇಷ್ಟ್ರು ಜಗಳೂರು ಸೀಮೆಯವರು,
ಭಟ್ಟಿಯ ಮಸಿಯನ್ನೇ ಹಲಗೆಗೆ ಬಳಿದರು.
ಎಣಿಸಿರೋ ಎಂದರೆ ಹುಡುಗರು ಸೇರಿನ ಲೆಕ್ಕದಲ್ಲಿ
"ಲಾಭ, ಎರಡು, ಮೂರು..."
ಲಾಭವನ್ನು ಒಂದು ಮಾಡಲು
ತಿಂಗಳೇ ಹಿಡಿಯಿತಂತೆ.

ಆಮೇಲೆ ತಗಡಿನ ಕೋಣೆ. ಮಳೆ ಬಂದರೆ
ಮೇಷ್ಟ್ರ ಬಾಯಿ ಮಾತ್ರ ಆಡುತ್ತಿತ್ತು.
ಗಂಟೆ ಇರಲಿಲ್ಲ. ಮಿಲ್ಲು ಕೂಗಿದರೆ ಶಾಲೆ ಬಿಟ್ಟಂತೆ.
ಮಿಲ್ಲು ಮುಚ್ಚಿದ ಮೊದಲ ದಿನ
ಮಕ್ಕಳು ಕತ್ತಲಾಗುವ ತನಕ ಕೂತೇ ಇದ್ದರು,
ತಾಯಂದಿರು ಕಂದೀಲು ಹಿಡಿದು ಹುಡುಕಿಕೊಂಡು ಬಂದರು.

ಈಗ ಆರ್‌ಸಿಸಿ, ನಾಲ್ಕು ಕೋಣೆ, ಹತ್ತೊಂಬತ್ತು ಮಕ್ಕಳು.
ಗಿರಿಜಾಂಬ ಮೇಡಂ ಬೀರು ತೆಗೆದು
ಗೆದ್ದಲು ಕೊಡವಿ ದಾಖಲಾತಿ ಪುಸ್ತಕ ಬಿಚ್ಚಿದರು.
ಕೊನೆಯ ಸಾಲು: ಶಾಲೆ ಬಿಟ್ಟ ಕಾರಣ.
ಭಟ್ಟಿ.
ಭಟ್ಟಿ.
ಮದುವೆ.
ಭಟ್ಟಿ.
ಕೆಮ್ಮು.
ಒಂದು ಕಡೆ ಬರೀ ಶಾಯಿಯ ಕಲೆ.

ಪ್ಯಾರಿಮಾ, ತಂದೆ ಖಾಸಿಂಸಾಬ, ಜಾತಿ ಪಿಂಜಾರ,
ಜೂನ್ ಒಂದು.
ಕಾರಣ: ಎಳೆಯ ತಂಗಿ ಇರುವುದರಿಂದ.

ಅವ್ವ ಕನ್ನಡಕ ಇಲ್ಲದೆಯೇ ಪುಟಕ್ಕೆ ಬಗ್ಗಿದಳು.
"ಯಾವ ತಂಗಿ? ನನಗಿದ್ದವನು ಒಬ್ಬ ಅಣ್ಣ.
ಹದಿನೇಳರ ಮಗ್ಗಿಗೆ ಅಂಜಿ ಬಿಟ್ಟೆ ಕಣೇ.
ಮೇಷ್ಟ್ರಿಗೆ ಗೊತ್ತಿತ್ತು."

ಮೇಡಂ ನಕಲಿಗೆ ಸೀಲು ಒತ್ತಿದರು, ಏನೂ ಕೇಳಲಿಲ್ಲ.

ಹಿಂದಿರುಗುವಾಗ ಆಟೋದಲ್ಲಿ
ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಅವ್ವ
ತನ್ನಷ್ಟಕ್ಕೆ ತಾನೇ ಶುರು ಮಾಡಿದಳು:
ಹದಿನೇಳೊಂದ್ಲ ಹದಿನೇಳು,
ಹದಿನೇಳೆರಡ್ಲ ಮೂವತ್ನಾಕು...
ಎಂಬತ್ತೈದರ ತನಕ ಸರಾಗ.
ಹದಿನೇಳಾರ್ಲ,
ಅಲ್ಲಿ ನಿಂತಳು.

ನಾನು ಹೇಳಿಕೊಡಲಿಲ್ಲ.
ರೈಲ್ವೆ ಗೇಟು ಬಿದ್ದಿತ್ತು, ಹೊತ್ತಿತ್ತು.