ಮ ಇಲ್ಲದ ಪೆಟ್ಟಿಗೆ

ಹಗಲು ನಾನು ಹಲ್ಲು ಮಾಡುತ್ತೇನೆ.
ಗ್ರಿಮ್ಸ್‌ಬಿಯ ಹಳೆ ಮೀನುಮಂಡಿಯ ಹಿಂದೆ
ಒಂದು ಲ್ಯಾಬು, ಎರಡು ಕುಲುಮೆ,
ಗೋಡೆಯಲ್ಲಿ ಹದಿನಾರು ಬಿಳಿಗಳ ಪಟ್ಟಿ.
ಒಂದೇ ಬಿಳಿಯಲ್ಲಿ ಸುಟ್ಟ ಹಲ್ಲು
ಬಾಯಿ ತೆರೆದೊಡನೆ ಚಾಡಿ ಹೇಳುತ್ತದೆ.
ಅದಕ್ಕೇ ಒಳಗೆ ಹಳದಿ, ಮೇಲೆ ಹಾಲು,
ತುದಿಯಲ್ಲಿ ಚೂರು ನೀಲಿ,
ಕೊನೆಗೆ, ಕಂಡೂ ಕಾಣದ ಹಾಗೆ,
ಚಹಾದ ಒಂದು ಕರೆ.

ರಾತ್ರಿಯ ಕೆಲಸವೂ ಅದೇ, ದನಿಯಲ್ಲಿ.

ಗೋಡೆಯಾಚೆಯ ಮಾವಿಸ್ ಕೇಳಿದ್ದು ಇಷ್ಟು:
"ನಮ್ಮ ಚಾಪೆಲ್ಲಿನ ಹಾರ್ಮೋನಿಯಂ ಇನ್ನೊಮ್ಮೆ ಕೇಳಬೇಕು.
ನಿನ್ನ ಕಂಪ್ಯೂಟರಲ್ಲಿ ಎಲ್ಲ ವಾದ್ಯ ಇವೆಯಂತಲ್ಲ."
ನಲವತ್ತೊಂದು ವರ್ಷ ತುಳಿದಿದ್ದಾಳೆ ಅದನ್ನು.
ಚಾಪೆಲ್ ಈಗ ಕಾರ್ಪೆಟ್ಟಿನ ಅಂಗಡಿ.
ಪೆಟ್ಟಿಗೆ ಎಲ್ಲಿ ಹೋಯಿತೋ, ಬಹುಶಃ ಒಲೆಗೆ.

ಎಲ್ಲ ವಾದ್ಯ ಇವೆ, ನಿಜ.
ಮೊದಲ ಟ್ರ್ಯಾಕಿಗೆ ರೀಡ್ ಆರ್ಗನ್,
ಯಾವುದೋ ದೇಶದ ಯಾವುದೋ ಇಗರ್ಜಿಯಲ್ಲಿ
ಒಂದೊಂದೇ ಸ್ವರ ಹಿಡಿದು ತಂದದ್ದು.
ತೀರ ಚೊಕ್ಕ. ಮೀಯಿಸಿ ಪೌಡರು ಬಳಿದ ಕೂಸು.
ಅದರಡಿಗೆ ಅಕಾರ್ಡಿಯನ್, ಏಳು ಸೆಂಟು ಇಳಿಸಿ
(ಇಲ್ಲಿ ಸೆಂಟೆಂದರೆ ಜಮೀನಲ್ಲ, ಶ್ರುತಿ)
ಜಗಳವಾಡದಷ್ಟು ಹತ್ತಿರ, ರಾಜಿಯಾಗದಷ್ಟು ದೂರ.
ಎರಡು ಕ್ಲಾರಿನೆಟ್, ಮರದ ಮೂಗಿಗೆಂದು.
ತಳಕ್ಕೆ ಸೆಲ್ಲೊ. ಅದು ಕೇಳಿಸಬಾರದು,
ತೆಗೆದಾಗ ಗೊತ್ತಾಗಬೇಕು, ಉಪ್ಪಿನ ಹಾಗೆ.
ಬರಿಯ ಗಾಳಿಯನ್ನೂ ವಾದ್ಯವೆಂದು ಮಾರುತ್ತಾರೆ.
ಹಂಬರ್ ನದಿ ಕಿಟಕಿಗೆ ಪುಕ್ಕಟೆ ಊದುವ ಊರಲ್ಲಿ ಕೂತು
ದುಡ್ಡು ಕೊಟ್ಟು ಕೊಂಡೆ.
ತಿದಿಯ ಕಿರುಗುಟ್ಟು ಮಾತ್ರ ಸ್ವಂತದ್ದು:
ನನ್ನ ಅಡುಗೆಮನೆಯ ಬೀರುವಿನ ಬಾಗಿಲು.

ಎಲ್ಲವೂ ಒಟ್ಟಿಗೆ ಬಾಯಿ ತೆರೆದಾಗ ಪೊಲೀಸ್ ಕವಾಯತು.
ಒಂದನ್ನು ಹನ್ನೆರಡು ಮಿಲಿಸೆಕೆಂಡು ತಡ ಮಾಡಿದೆ,
ಇನ್ನೊಂದರ ಹೆಗಲು ಕೊಂಚ ಎಡಕ್ಕೆ ಸರಿಸಿದೆ.
ಹಾಡು ಒಳಗೆ ಬಂದು ಕೋಟು ಬಿಚ್ಚಿತು.
ಕೂರಲಿಲ್ಲ.

ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ
ಒಂದೆಳೆ ದಾರ ಸಿಗಿಸುತ್ತಾರೆ, ಜೀವಾಳ ಅದರ ಹೆಸರು.
ಮೆನು ಪೂರ್ತಿ ಹುಡುಕಿದೆ.
ಹದಿನೇಳು ಬಗೆಯ ಪ್ರತಿಧ್ವನಿ ಇದೆ,
ದಾರ ಇಲ್ಲ.

ಭಾನುವಾರ ಮಾವಿಸ್ ಬಂದಳು, ಚಪ್ಪಲಿ ಎಳೆಯುತ್ತ,
ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿ.
ಹೆಡ್‌ಫೋನು ತೆಗೆದು "ಚೆನ್ನಾಗಿದೆ" ಅಂದಳು,
ಹೊಸ ಹಲ್ಲನ್ನು ಕನ್ನಡಿಯಲ್ಲಿ ನೋಡಿಕೊಂಡವರು ಅನ್ನುವಂತೆ.
ಆಮೇಲೆ, ಬಹಳ ಹೊತ್ತಾದ ಮೇಲೆ,
"ಅದು ಇಷ್ಟು ಪೂರ್ತಿ ಇರಲಿಲ್ಲ ಕಣೋ.
ಎಪ್ಪತ್ತೆಂಟರ ಚಳಿಯಲ್ಲಿ ಇಲಿಯೊಂದು ಒಳಹೊಕ್ಕು
ನಡುವಿನ ಎಫ್ ಸತ್ತಿತು.
ರಿಪೇರಿಗೆ ಯಾರ ಹತ್ತಿರ ದುಡ್ಡಿತ್ತು?"

ಅವಳಿಗೆ ಎಫ್. ನನಗೆ ಮ.
ಗದಗಿನಲ್ಲಿ ನಾವು ಪೆಟ್ಟಿಗೆಯ ಪಟ್ಟಿಗಳಿಗೆ
ಮನೆ ಅನ್ನುತ್ತೇವೆ. ಬಿಳಿ ಮನೆ, ಕರಿ ಮನೆ.
ಮಾವಿಸಳ ಕೇರಿಯಲ್ಲಿ ಒಂದು ಮನೆ ಖಾಲಿ.
ಒತ್ತಿದರೆ ಕದ ತಟ್ಟಿದ ಸದ್ದು,
ಒಳಗಿಂದ ಓಗೊಡುವವರಿಲ್ಲ.

ಹಗಲೆಲ್ಲ ಬಾಯ ಕಿಂಡಿ ಮುಚ್ಚುವವನು ನಾನು.
ಕಿಂಡಿ ಬೇಕೆಂದು ಈವರೆಗೆ ಒಬ್ಬರೂ ಬಂದಿರಲಿಲ್ಲ.

ಅಳಿಸಿದೆ.
ಐದು ವಾದ್ಯ, ಮೂವತ್ತೊಂದು ಕಡೆ,
ಹಸಿರು ಚೌಕಗಳನ್ನು ಒಂದೊಂದಾಗಿ.
ಪೆನ್ಸಿಲಿನಿಂದ ಮೇಜು ಕುಟ್ಟಿ
ಆ ಕದದ ಸದ್ದನ್ನು ಮಾತ್ರ ಇಟ್ಟೆ.

ಈ ಸಲ ಹೆಡ್‌ಫೋನು ಬೇಡವೆಂದಳು.
ಎರಡನೇ ಸಾಲಿಗೆ ಹಾಡು ಮುಗ್ಗರಿಸಬೇಕಾದ ಜಾಗ ಬಂತು.
ಮುಗ್ಗರಿಸಲಿಲ್ಲ.
ಬಾಯಲ್ಲಿ ಬಿಸ್ಕತ್ತು, ತುಟಿ ಮುಚ್ಚಿಯೇ,
ಗಂಟಲಲ್ಲಿ ಆ ಒಂದು ಸ್ವರ ಗುನುಗಿದಳು ಮಾವಿಸ್.
ಮುಂದಿನ ಖಾಲಿಗೂ. ಅದರ ಮುಂದಿನದಕ್ಕೂ.
ಗುನುಗಿದ್ದು ಅವಳಿಗೇ ಗೊತ್ತಿದ್ದಂತಿಲ್ಲ.
ಅಷ್ಟೂ ವರ್ಷ ಚಾಪೆಲ್ಲಿಗೂ
ಗೊತ್ತಾಗಿರಲಿಕ್ಕಿಲ್ಲ.

"ಈಗ ಸರಿ ಆಯ್ತು. ಏನು ಸೇರಿಸಿದೆ?"

ಪರದೆಯ ಕೆಳಗೆ ಹೊಸದೊಂದು ಟ್ರ್ಯಾಕು
ಹೆಸರಿಲ್ಲದೆ ಬಿದ್ದಿತ್ತು.
ಕೆಂಪು ಗುಂಡಿ ನಾನು ಒತ್ತಿರಲಿಲ್ಲ.