ಮುರಿದ ಕಿವಿ

ಕಬ್ಬನ್‌ಪೇಟೆಯ ಸಂದಿಯಲ್ಲಿ ಗರಡಿಮನೆ.
ಬಾಗಿಲು ಎದೆಯೆತ್ತರ, ಅಷ್ಟೇ.
ಬಗ್ಗದೆ ನುಗ್ಗಿದವರ ಹಣೆಗೆ
ಮೊದಲ ಪಾಠ ಅದರದೇ.

ಆರು ವರ್ಷದ ನಾನು ಬಗ್ಗಬೇಕಿರಲಿಲ್ಲ,
ಆದರೂ ಒಳಗೆ ಹೋದವಳಲ್ಲ.
ಬಾದಾಮಿ ಹಾಲಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತರೆ
'ಅಲ್ಲೇ ಇರು' ಎನ್ನುತ್ತಿದ್ದ ತಾತ, ಉಸ್ತಾದ್ ಸಂಪಂಗಪ್ಪ,
'ಹೆಣ್ಣುಮಕ್ಕಳ ನೆರಳು ಮಣ್ಣಿಗೆ ಬೀಳಬಾರದು.'
ಕತ್ತಲಿಂದ ಒಂದು ಕೈ ಬಂದು
ತಂಬಿಗೆ ಒಳಗೆ ಹೋಗಿ ಖಾಲಿಯಾಗಿ ಹೊರಬರುತ್ತಿತ್ತು,
ಕತ್ತಿನ ಸುತ್ತ ಕೆಂಪು ಬೆರಳಗುರುತು.
ದಾರಿಯಲ್ಲಿ ಒಮ್ಮೆ ನೆಕ್ಕಿ ನೋಡಿದ್ದೆ:
ಅರಿಸಿನ, ಎಳ್ಳೆಣ್ಣೆ, ಕರ್ಪೂರ,
ಯಾರದೋ ಬೆವರು.

ಈಗ ಇಪ್ಪತ್ತಾರು.
ಕಮ್ಮನಹಳ್ಳಿ, ಟೈಲ್ಸ್ ಅಂಗಡಿಯ ಮೇಲೆ ಮೂರನೇ ಮಹಡಿ.
ಗಾಜಿನ ಬಾಗಿಲು ಬೆರಳೊತ್ತಿದರೆ ತಾನೇ ತೆರೆಯುತ್ತದೆ.
ಯಾರ ಮಗಳು ಎಂದು ಕೇಳುವುದಿಲ್ಲ,
ಫೀಸು ಕಟ್ಟಿದೆಯಾ, ಅಷ್ಟು ಸಾಕು ಅದಕ್ಕೆ.
ಕೋಚ್ ಲಾಲ್‌ಮುವಾನ ಐಜಾಲಿನವನು,
ಅವನ ಕನ್ನಡ ಮೂರೇ ಮಾತು:
ಹಿಡಿ. ಬಿಡು. ಇನ್ನೊಂದ್ಸಲ.
ನೀಲಿ ಮ್ಯಾಟು, ದಿನಕ್ಕೆರಡು ಸಲ ಫಿನಾಯಿಲು.
ಹುಡುಗರು ನನ್ನ ಮೇಲೆ ಬೀಳುತ್ತಾರೆ, ನಾನು ಅವರ ಮೇಲೆ,
ನೆರಳಿನ ಮಾತು ಯಾರೂ ಎತ್ತುವುದಿಲ್ಲ.
ಕತ್ತು ಯಾರದೋ ಮೊಣಕೈ ಸಂದಿಯಲ್ಲಿ ಸಿಕ್ಕಿ
ಟ್ಯೂಬ್‌ಲೈಟು ಮಸುಕಾಗುವ ಹೊತ್ತಿಗೆ
ಅಂಗೈಯಲ್ಲಿ ಎರಡು ಸಲ ತಟ್ಟಿದರಾಯಿತು:
ಸೋತೆ. ನೀರು ಕುಡಿ. ಮತ್ತೆ ಬಾ.
ಒಂದೇ ಸಂಜೆ ಹನ್ನೊಂದು ಸಲ ಸೋತದ್ದುಂಟು.
ಮನೆಗೆ ಹೋಗುವಾಗ ಹಸಿವು ಬಿಟ್ಟರೆ ಮೈಮೇಲೆ ಬೇರೇನಿಲ್ಲ.

ತಾತ ಸೋತದ್ದು ಒಂದೇ ಸಲ,
ಕೆಂಪಾಂಬುಧಿ ಕೆರೆಯ ಬಯಲಲ್ಲಿ.
ಬೆನ್ನಿಗೆ ಮಣ್ಣು ಹತ್ತಿತು.
ಅಂಗಿ ಹೆಗಲ ಮೇಲೆ ಹಾಕಿಕೊಂಡು, ತೊಡದೆ,
ಚಿಕ್ಕಪೇಟೆ ದಾಟಿ ನಡೆದುಕೊಂಡೇ ಬಂದನಂತೆ.
ಜರಿ ಅಂಗಡಿಯವರು ನೋಡಿದರು, ಹೂವಿನವರು ನೋಡಿದರು.
ಮೂರು ದಿನ ಸ್ನಾನ ಮಾಡಲಿಲ್ಲ.
'ಇಳಿಯೋವಾಗ ತಾನೇ ಇಳೀಲಿ ಬಿಡು' ಅಂದನಂತೆ,
ಬಿಸಿನೀರು ಹೊತ್ತು ನಿಂತ ಅಜ್ಜಿಗೆ.

'ತಟ್ಟೋದಂತೆ, ಬಿಡೋದಂತೆ' ಎಂದು ನಗುತ್ತಾನೆ ಈಗ.
'ಸೋಲು ಏನು ನೆಂಟರ ಮನೆಯಾ?'

ಹೋದ ತಿಂಗಳು ನನ್ನ ಎಡಗಿವಿ
ಹಲಸಿನ ತೊಳೆಯ ಹಾಗೆ ಊದಿತು.
ಫ್ರೇಜರ್ ಟೌನಿನ ಡಾಕ್ಟರು ಸೂಜಿ ಹಾಕಿ ರಕ್ತ ತೆಗೆದರು,
ಎರಡು ಸಲ. ಮೂರನೇ ಸಲ ಅದು ಹಾಗೇ ಗಟ್ಟಿಯಾಯಿತು.
ಅಮ್ಮನಿಗೆ ಓಲೆಯ ಚಿಂತೆ.
ತಾತನ ಕಣ್ಣಿಗೆ ಪೊರೆ. ಹತ್ತಿರ ಕರೆದು
ಬೆರಳಿಂದ ಓದಿದ, ತಿರುವಿ ತಿರುವಿ,
ಆಮೇಲೆ ನನ್ನ ಬೆರಳು ಹಿಡಿದು
ತನ್ನ ಕಿವಿಗೆ ಮುಟ್ಟಿಸಿದ.
ಅದೇ ಗಂಟು. ಅದೇ ಮುಚ್ಚಿಹೋದ ಮಡಿಕೆ.

'ಯಾರು ಮುರಿದಿದ್ದು?'
'ಯಾರೂ ಅಲ್ಲ. ದಿನಾ ಉಜ್ಜೀ ಉಜ್ಜೀ.'
'ಹೂಂ' ಅಂದ. ಬಹಳ ಹೊತ್ತು ಏನೂ ಅನ್ನಲಿಲ್ಲ.
ಗರಡಿಯ ಅರ್ಧದಲ್ಲಿ ಈಗ ಸೀರೆಯ ರಟ್ಟಿನ ಪೆಟ್ಟಿಗೆಗಳು,
ಶನಿವಾರ ನಾಲ್ಕೇ ಹುಡುಗರು ಬರುತ್ತಾರೆ,
ಅವರಲ್ಲಿ ಇಬ್ಬರು ಸೆಲ್ಫಿಗೆ.
ಅದನ್ನೂ ಅವನು ಹೇಳಲಿಲ್ಲ, ನನಗೆ ಗೊತ್ತಿತ್ತು.

'ಆ ಕತ್ತು ಹಿಡಿಯೋದು ತೋರಿಸು.'
ಮಂಚದ ಅಂಚಲ್ಲಿ ಕೂತವನ ಹಿಂದೆ ಹೋಗಿ
ಮೊಣಕೈ ಮಡಚಿದೆ, ಮಗುವಿಗೆ ಮಫ್ಲರ್ ಸುತ್ತುವಷ್ಟು ಮೆಲ್ಲಗೆ.
'ಇದು ಕುಸ್ತಿಯಲ್ಲ, ಕೊಲೆ' ಎನ್ನುತ್ತಲೇ
ಗಲ್ಲ ಒಳಗೆಳೆದುಕೊಂಡ. ಎಂಬತ್ನಾಲ್ಕರ ಕೈ
ನನ್ನ ಹೆಬ್ಬೆರಳನ್ನು ಹುಡುಕಿತು,
ಕಂಡುಕೊಂಡಿತು, ತಿರುಚಿತು.
ಇಡೀ ನಾನು ಆ ಒಂದು ಬೆರಳಾದೆ.

ಅವನ ತೊಡೆಯ ಮೇಲೆ ಎರಡು ಸಲ ತಟ್ಟಿದೆ.
ಬಿಡಲಿಲ್ಲ.
ಮತ್ತೆ ತಟ್ಟಿದೆ.
'ತಾತಾ! ತಟ್ಟಿದೆನಲ್ಲಾ!'

'ಕೇಳಿಸ್ತು' ಅಂದ, ಬಿಡುತ್ತ.
'ಯಾರು ಅಂತ ನೀನು ಹೇಳಲೇ ಇಲ್ಲ.'

ಹೆಬ್ಬೆರಳು ಮೂರು ದಿನ ನೋಯಿತು.
ಮುಲಾಮು ಹಚ್ಚಲಿಲ್ಲ.